ಚಿಂಚೋಳಿಗೆ ಎಷ್ಟು ಜೋರಾಗಿ ಮಾತಾಡಬೇಕು

ನಮ್ಮ ಅಪ್ಪ ಸೇಡಂನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕರಿ ಬಣ್ಣದ ಫೋನೊಂದಿತ್ತು. ಚಿತ್ತಾಪುರಕ್ಕೆ ಮಾತಾಡುವಾಗ ಅಪ್ಪ ಕುಳಿತೇ ಇರುತ್ತಿದ್ದರು. ಕಲಬುರಗಿಗೆ ಹಚ್ಚಿದರೆ ದನಿ ಒಂದಿಷ್ಟು ಏರುತ್ತಿತ್ತು. ಹೈದರಾಬಾದಿಗಾದರೆ ಎದ್ದು ನಿಲ್ಲುತ್ತಿದ್ದರು. ಸೂರತ್ತಿಗೆ ಹಚ್ಚಿದ ದಿನವಂತೂ ಯಾವ ಬಣ್ಣದ ಸೀರೆ ಎಷ್ಟು ಬರುತ್ತದೆ ಎಂಬುದು ಎದುರಿನ ಕಿರಾಣಿ ಅಂಗಡಿಯವರಿಗೂ ಗೊತ್ತಾಗಿಬಿಡುತ್ತಿತ್ತು. ಯಾಕಪ್ಪಾ ಇಷ್ಟು ಕೂಗುತ್ತೀ ಎಂದು ಕೇಳಿದರೆ, "ದೂರದ ಊರಿಗೆ ಜೋರ ಮಾತಾಡಬೇಕವ್ವ. ಇಲ್ಲಾಂದ್ರ ದನಿ ನಡು ಹಾದ್ಯಾಗ ಬೀಳ್ತದ" ಎನ್ನುತ್ತಿದ್ದರು.

ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು ನಾನು. ಆ ಕೆಲಸದ ಬಗ್ಗೆ ಬರೆಯಲು ಕುಳಿತಾಗ ಅಪ್ಪನ ಈ ಮಾತೇ ಮೊದಲು ನೆನಪಾಯಿತು. ಯಾಕೆಂದರೆ ನನ್ನ ಸರ್ವಿಸಿನಲ್ಲಿ ನಾನು ಕಂಡ ದೊಡ್ಡ ಎಡವಟ್ಟು ಇದೇ ನಂಬಿಕೆಯಿಂದ ಹುಟ್ಟಿದ್ದು. ಅದನ್ನು ಮಾಡಿದವರು ಅಂಗಡಿಯವರಲ್ಲ, ನಾನು ಗುರುವೆಂದು ತಿಳಿದಿದ್ದ ಮನುಷ್ಯ.

ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವ ವರ್ಷ ಯಾವ ಪ್ರಮೋಷನ್ ಬಂತು ಎಂಬುದರಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ. ನನಗೂ ಅದು ಸರಿಯಾಗಿ ನೆನಪಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಜೂನಿಯರ್ ಆಫೀಸರಾಗಿ ಸೇರಿದಾಗ ಟ್ರಾನ್ಸ್‌ಮಿಷನ್ ವಿಭಾಗದಲ್ಲಿ ಹೆಣ್ಣುಮಗಳು ನಾನೊಬ್ಬಳೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಇಷ್ಟೂ ಊರುಗಳ ಎಕ್ಸ್‌ಚೇಂಜುಗಳನ್ನು ಒಂದಕ್ಕೊಂದು ಜೋಡಿಸುವ ಲೈನುಗಳು ನಮ್ಮ ಪಾಲಿನವು. ಮೊದಲ ದಿನ ಶಹಾಬಾದಿನ ಕಚೇರಿಗೆ ಹೋದಾಗ ಒಬ್ಬ ಹಿರಿಯರು ಹೆಡ್‌ಫೋನನ್ನು ಬಲಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದರು. ಹಣೆಯ ಮೇಲೆ ಅಂಗಾರ ಅಕ್ಷತೆ. ಪೂಜೆಗೆ ಕುಳಿತಿದ್ದಾರೋ ಕೆಲಸಕ್ಕೆ ಕುಳಿತಿದ್ದಾರೋ ತಿಳಿಯದೆ ಬಾಗಿಲಲ್ಲೇ ನಿಂತೆ. ಒಂದಿಷ್ಟು ಹೊತ್ತಾದ ಮೇಲೆ ಕಣ್ಣು ತೆರೆದು ಟೆಕ್ನಿಷಿಯನ್ ಮೆಹಬೂಬನಿಗೆ ಹೇಳಿದರು:

"ಕಲ್ಲಿನ ಖಣಿ ದಾಟಿದ ಮ್ಯಾಲೆ ಬರೋ ಜಾಯಿಂಟಿನಾಗ ನೀರು ಹೊಕ್ಕದ. ಹೋಗಿ ನೋಡು."

ಮೆಹಬೂಬ ಹೋಗಿ ನೋಡಿದ. ನೀರು ಹೊಕ್ಕಿತ್ತು.

ಅವರೇ ಜೋಶಿ ಸಾಹೇಬರು, ನನ್ನ ಮೇಲಧಿಕಾರಿ. ಆ ಕಾಲದ ಲೈನುಗಳನ್ನು ಕಿವಿಯಿಂದಲೇ ಪರೀಕ್ಷೆ ಮಾಡಬೇಕಿತ್ತು. ಗುಂಯ್ ಎನ್ನುವ ಸದ್ದು ಬಂದರೆ ಒಂದು ರೋಗ, ಚಟಪಟ ಎಂದರೆ ಇನ್ನೊಂದು. ದೂರದ ಊರಿನ ಲೈನಾದರೆ ಆಂಪ್ಲಿಫೈಯರನ್ನು ಒಂದಿಷ್ಟು ಏರಿಸುವುದು, ಹತ್ತಿರದ್ದಾದರೆ ಇಳಿಸುವುದು. ಅಪ್ಪನ ಸಿದ್ಧಾಂತ ಆಗಿನ ಮಟ್ಟಿಗೆ ಅರ್ಧ ನಿಜವೇ ಆಗಿತ್ತು. ಜಿಲ್ಲೆಯಲ್ಲಿ ಜೋಶಿ ಸಾಹೇಬರಂಥ ಕಿವಿ ಇನ್ನೊಂದಿರಲಿಲ್ಲ. ತಮ್ಮ ಹೆಡ್‌ಫೋನನ್ನು ಅವರು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದರು. ಬೇರೆಯವರು ಮುಟ್ಟಿದರೆ ಸಿಟ್ಟಾಗುತ್ತಿದ್ದರು.

ಆಮೇಲೆ ಡಿಜಿಟಲ್ ಬಂತು. ಊರಿಂದ ಊರಿಗೆ ನೆಲದೊಳಗೆ ಗಾಜಿನ ಎಳೆಯ ಕೇಬಲ್, ಅದರಲ್ಲಿ ಬೆಳಕು. ಬೆಳಕು ಊರು ಮುಟ್ಟಿದ ಮೇಲೆ ಅದನ್ನು ಮತ್ತೆ ವಿದ್ಯುತ್ತಾಗಿ ಮಾಡಿ, ತಾಮ್ರದ ತಂತಿಯಲ್ಲಿ ಪಕ್ಕದ ಕೋಣೆಯ ಎಕ್ಸ್‌ಚೇಂಜಿಗೆ ಕೊಡಲು ಒಂದು ಕಾರ್ಡು. ಆ ಕಾರ್ಡಿನ ನಡುವೆ ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಚಿಪ್. ಅದೊಂದರಲ್ಲೇ ಎಂಟು ಟ್ರಾನ್ಸ್‌ಮಿಟರುಗಳು. ಒಂದೊಂದು ಟ್ರಾನ್ಸ್‌ಮಿಟರಿಗೂ ತನ್ನದೇ ಲೈನು, ಆ ಲೈನು ಹೊರಡುವ ಬಾಯಿಗೆ ಪೋರ್ಟ್ ಎಂದು ಹೆಸರು. ಒಂದೊಂದು ಲೈನಿನಲ್ಲಿ ಮೂವತ್ತು ಜನ ಒಟ್ಟಿಗೆ ಮಾತಾಡಬಹುದು.

ಈ ಎಂಟಕ್ಕೂ ಬೇರೆ ಬೇರೆಯಾಗಿ ಕೆಲವು ವಿಷಯ ಹೇಳಿಕೊಡಬೇಕು. ನೀನು ಚಾಲೂ ಇರಬೇಕೋ ಬಂದ್ ಇರಬೇಕೋ. ನಿನಗೆ ಹಚ್ಚಿದ ಕೇಬಲ್ಲು ಎಂಥದ್ದು. ಅದು ಎಷ್ಟು ಉದ್ದ, ಅಂದರೆ ನೀನು ಎಷ್ಟು ಜೋರಾಗಿ ಕಳಿಸಬೇಕು. ಈಗ ನೀವು ಪರದೆಯ ಮೇಲೆ ಒಮ್ಮೆ ಒತ್ತಿ ಎಂಟಕ್ಕೂ ಒಂದೇ ಬುದ್ಧಿ ಹೇಳಿ ಎದ್ದು ಹೋಗುತ್ತೀರಿ. ನಾವು ಒಂದೊಂದಕ್ಕೂ ಸಾಲು ಸಾಲಾಗಿ ಟೈಪ್ ಮಾಡಬೇಕಿತ್ತು. ಬೇಸರದ ಕೆಲಸವೇ. ಆದರೆ ಆ ನೆಪದಲ್ಲಿ ಒಂದೊಂದು ಪೋರ್ಟಿನ ಮುಂದೂ ಒಂದು ಕ್ಷಣ ನಿಂತು ಯೋಚಿಸುತ್ತಿದ್ದೆವು.

ಮೊದಲ ಕಾರ್ಡು ಬಂದದ್ದು ವಾಡಿಗೆ. ಅಲ್ಲಿನ ಟೆಕ್ನಿಷಿಯನ್ ಭೀಮರಾಯ ಎಂಟೂ ಟ್ರಾನ್ಸ್‌ಮಿಟರುಗಳನ್ನು ಚಾಲೂ ಮಾಡಿ ಇಟ್ಟಿದ್ದ. ಕೇಬಲ್ಲು ಹಚ್ಚಿದ್ದು ನಾಲ್ಕಕ್ಕೆ ಮಾತ್ರ. ಉಳಿದವು ಯಾರೂ ಇಲ್ಲದ ಕಡೆ ಮಾತಾಡುತ್ತ, ಸುಮ್ಮನೆ ಬಿಸಿಯಾಗುತ್ತ, ಪಕ್ಕದವರ ಕೆಲಸಕ್ಕೂ ಅಡ್ಡಿ ಮಾಡುತ್ತಿದ್ದವು. ಯಾಕೆ ಹೀಗೆ ಎಂದರೆ ಭೀಮರಾಯ, "ಸರ್ಕಾರ ಎಂಟು ಕೊಟ್ಟದ್ರಿ ಸರ್, ನಾಲ್ಕ ಯಾಕ ಬಂದ್ ಇಡಬೇಕು?" ಎಂದ.

ಜೋಶಿ ಸಾಹೇಬರು, "ನಿಮ್ಮ ಮನ್ಯಾಗ ಎಂಟು ನಳ ಅದಾವಂತ ಎಂಟೂ ತೆರದ ಇಡ್ತೀಯೇನು? ಬಕೆಟ್ ಇದ್ದಲ್ಲಿ ಅಷ್ಟೇ ತೆರೀಬೇಕು" ಎಂದರು. ಭೀಮರಾಯ ಅಂದಿನಿಂದ ಎಷ್ಟು ಕಟ್ಟುನಿಟ್ಟಾದನೆಂದರೆ, ಊಟಕ್ಕೆ ಹೋಗುವಾಗ ಬಳಕೆಯಲ್ಲಿದ್ದ ಪೋರ್ಟನ್ನೂ ಬಂದ್ ಮಾಡಿ ಹೋದ ಒಂದು ದಿನವೂ ಉಂಟು.

ಅದೇ ವಾಡಿಯಲ್ಲಿ ಆಯುಧಪೂಜೆಯ ದಿನ ಸಿಬ್ಬಂದಿ ಎಲ್ಲ ಕಾರ್ಡುಗಳಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಸಿಗಿಸಿದರು. ಕುಂಕುಮದ ಬೊಟ್ಟು ನೆಟ್ಟಗೆ ಕೆಂಪು ದೀಪದ ಮೇಲೆ ಬಿದ್ದಿತ್ತು. ಲೈನು ಕೆಟ್ಟರೆ ಹತ್ತುವ ದೀಪ ಅದು. ಹತ್ತಿತು ಕೂಡ. ಕುಂಕುಮದ ಹಿಂದೆ ಕೆಂಪಗೆ ಹತ್ತಿಕೊಂಡಿದ್ದನ್ನು ನೋಡಿ, ಈ ವರ್ಷ ಕುಂಕುಮ ಭಾಳ ಚಲೋ ಬಂದದ ಎಂದು ಎಲ್ಲರೂ ಕೈಮುಗಿದರಂತೆ. ವಾಡಿಯ ಜನ ಮಧ್ಯಾಹ್ನದ ತನಕ ಹೊರಗಿನ ಊರಿಗೆ ಮಾತಾಡಲಿಲ್ಲ. ಮರುವರ್ಷದಿಂದ ಬೊಟ್ಟನ್ನು ರ‍್ಯಾಕಿನ ಕಾಲಿಗೆ ಇಡಬೇಕೆಂದು ಜೋಶಿ ಸಾಹೇಬರು ಆಜ್ಞೆ ಮಾಡಿದರು.

ಚಿತ್ತಾಪುರದ್ದು ಇನ್ನೊಂದು ಥರ. ಅಲ್ಲಿ ಎರಡು ಜಾತಿಯ ಕೇಬಲ್ಲು ಇದ್ದವು, ಒಂದು ದುಂಡನೆಯ ದಪ್ಪ ಕೇಬಲ್ಲು, ಇನ್ನೊಂದು ಹೆಣೆದ ಜೋಡಿ ತಂತಿ. ಕಾರ್ಡು ಕೂರಿಸಲು ಬಂದವರು ಎಂಟಕ್ಕೂ ದುಂಡನೆಯದೇ ಇದೆ ಎಂದು ಹೇಳಿ ಹೋಗಿದ್ದರು. ಜೋಡಿ ತಂತಿಗೆ ಹೋದ ಸಂಕೇತ ಅರ್ಧಕ್ಕರ್ಧ ವಾಪಸ್ ಬರುತ್ತಿತ್ತು, ಕರೆಗಳು ನಡುವೆಯೇ ಕಡಿದುಹೋಗುತ್ತಿದ್ದವು. ಅಲ್ಲಿನ ವಕೀಲರೊಬ್ಬರು, ಎದುರು ಪಾರ್ಟಿಯವರು ನಮ್ಮನ್ನು ಒಳಗೆ ಹಾಕಿಕೊಂಡು ತಮ್ಮ ಫೋನು ಕಟ್ ಮಾಡಿಸುತ್ತಿದ್ದಾರೆಂದು ಊರೆಲ್ಲ ಹೇಳಿಕೊಂಡು ಬಂದರು. ಸೆಟ್ಟಿಂಗ್ ಬದಲಿಸಿ ಲೈನು ಸರಿಹೋದ ಮೇಲೆ, ತಾವು ಜಬರಿಸಿದ್ದಕ್ಕೇ ಸರಿಹೋಯಿತು ಎಂದು ಇನ್ನೊಮ್ಮೆ ಹೇಳಿಕೊಂಡು ಬಂದರು.

ಇಂಥ ದಿನಗಳಲ್ಲಿ ನಾನು ಸುಖವಾಗಿಯೇ ಇದ್ದೆ. ಜೋಶಿ ಸಾಹೇಬರು ಬೈದರೂ ಕಲಿಸಿ ಬೈಯುತ್ತಿದ್ದರು. ಹೆಣ್ಣುಮಗಳೆಂದು ನನ್ನನ್ನು ಕಚೇರಿಯಲ್ಲಿ ಕೂರಿಸದೆ ಎಲ್ಲ ಊರಿಗೂ ಕರೆದುಕೊಂಡು ಹೋಗುತ್ತಿದ್ದರು. ಅದಕ್ಕೆ ನಾನು ಅವರಿಗೆ ಯಾವತ್ತೂ ಋಣಿ.

ಆದರೆ ಕಲಬುರಗಿಗೆ ಹೊಸದಾಗಿ ಬಂದ ದೊಡ್ಡ ಸಾಹೇಬರಿಗೆ ಜೋಶಿಯವರನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಪಾಟೀಲ ಸಾಹೇಬರು. ಒಳ್ಳೆಯ ಮನುಷ್ಯ, ತುಂಬ ಮೆತ್ತಗೆ ಮಾತಾಡುವವರು. ಮೀಟಿಂಗಿನಲ್ಲಿ ಅವರು ಏನಾದರೂ ಕೇಳಿದರೆ ಜೋಶಿಯವರು ಬೇರೆಲ್ಲೋ ನೋಡುತ್ತ ಕೂರುತ್ತಿದ್ದರು. ಇಲ್ಲವೆ ಕೇಳಿದ್ದಕ್ಕೆ ಸಂಬಂಧವೇ ಇಲ್ಲದ ಉತ್ತರವನ್ನು ದೊಡ್ಡ ದನಿಯಲ್ಲಿ ಕೊಡುತ್ತಿದ್ದರು. ಒಂದು ಮೀಟಿಂಗಿನಲ್ಲಿ ಪಾಟೀಲರ ತಾಳ್ಮೆ ಮುಗಿಯಿತು. ಎಲ್ಲರ ಎದುರೇ ಹೇಳಿದರು:

"ನಾ ಮಾತಾಡಿದ್ರ ಕೇಳ್ದಂಗ ಕುಂದರ್ತೀರಿ. ಚಿಂಚೋಳಿ ಲೈನು ಪರೀಕ್ಷೆದಾಗ ಪಾಸ್ ಆಗಲಿಲ್ಲಾಂದ್ರ ನೀವು ಇಲ್ಲಿ ಸ್ಟೋರಿಗೆ ಬಂದು ಕುಂದ್ರಿ. ಕೇಬಲ್ ಡ್ರಮ್ಮಿನ ಲೆಕ್ಕ ಇಟ್ಕೊಂಡು ಆರಾಮ ಇರ್ರಿ."

ಜೋಶಿಯವರಿಗೆ ಸರ್ವಿಸ್ ಹೆಚ್ಚು ಉಳಿದಿರಲಿಲ್ಲ. ಆ ಉಳಿದ ಕಾಲವನ್ನು ಕಿಟಕಿಯಿಲ್ಲದ ಗೋದಾಮಿನಲ್ಲಿ ಕಳೆಯುವುದು ಅವರಿಗೆ ಸಾವಿಗೆ ಸಮ ಎಂದು ನನಗೆ ಗೊತ್ತಿತ್ತು. ಪಾಟೀಲರು ಹೇಳಿದ್ದನ್ನು ಅವರು ಅಲ್ಲಿ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ ಎಂಬುದು ನನಗೆ ತಿಳಿದದ್ದು ಬಸ್ ಸ್ಟ್ಯಾಂಡಿನಲ್ಲಿ, ಬೇರೆಯವರೊಬ್ಬರು ಕೂಗಿ ಹೇಳಿದಾಗ. ಆಗ ಅವರ ಮುಖ ಬಿಳಿಚಿಕೊಂಡಿತು. ಮರುದಿನವೇ ನಾವು ಚಿಂಚೋಳಿಗೆ ಹೊರಟೆವು.

ಚಿಂಚೋಳಿ ನಮ್ಮ ಕೊನೆಯ ಊರು, ಅದರಾಚೆ ಗುಡ್ಡ, ಕಾಡು, ಆಮೇಲೆ ಆಂಧ್ರದ ಗಡಿ. ಹಳೆಯ ಲೈನಿನಲ್ಲಿ ಚಿಂಚೋಳಿಯವರ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಅಲ್ಲಿಗೆ ಆಂಪ್ಲಿಫೈಯರನ್ನು ಯಾವಾಗಲೂ ಎಲ್ಲಕ್ಕಿಂತ ಮೇಲೆ ಇಡಬೇಕಿತ್ತು. ಈಗ ಬೆಳಕಿನ ಕೇಬಲ್ಲು ಸುಲೇಪೇಟ ದಾಟಿ ಅಲ್ಲಿಯ ತನಕ ಬಂದಿತ್ತು. ಎಂಟು ಪೋರ್ಟಿನ ಕಾರ್ಡು ಕೂತಿತ್ತು. ಏಳು ಪೋರ್ಟು ಎಕ್ಸ್‌ಚೇಂಜಿಗೆ, ಎಂಟನೆಯದು ಮುಂದೆ ಬೇಕಾದೀತೆಂದು ಖಾಲಿ.

ಜೋಶಿಯವರು ಚೀಲದಿಂದ ಕರವಸ್ತ್ರ ತೆಗೆದು, ಹೆಡ್‌ಫೋನು ಬಿಚ್ಚಿ, ಮೊದಲ ಪೋರ್ಟಿನ ತಂತಿಗೆ ಹಚ್ಚಿ ಬಲಗಿವಿಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಡಿಜಿಟಲ್ ಲೈನಿಗೆ ಹೆಡ್‌ಫೋನು ಹಚ್ಚಿದರೆ ಮಾತು ಕೇಳುವುದಿಲ್ಲ. ಆದರೆ ಕೀಂ ಎಂದು ಕಿವಿ ಕೊರೆಯುವ ಒಂದು ಸದ್ದು ಬರುತ್ತದೆ. ಅದು ಬಂದರೆ ಲೈನಿನಲ್ಲಿ ಏನೋ ಹರಿಯುತ್ತಿದೆ ಎಂದು ಅರ್ಥ.

"ಏನೂ ಬರಾಕತ್ತಿಲ್ಲ," ಎಂದರು ಜೋಶಿಯವರು. "ಭಾಳ ಸಣ್ಣ ಆಗ್ಯದ ಸಿಗ್ನಲ್. ಚಿಂಚೋಳಿ ಅಂದ್ರ ಮೊದಲಿಂದ ಹಿಂಗೇ. ಏರಿಸಬೇಕು."

ಎದ್ದು ಹೋಗಿ ಏಳೂ ಟ್ರಾನ್ಸ್‌ಮಿಟರುಗಳನ್ನು ಅತಿ ಉದ್ದದ ಕೇಬಲ್ಲಿಗೆ ಇಡುವ ಮಟ್ಟಕ್ಕೆ ಏರಿಸಿದರು. ಎಲ್ಲಕ್ಕಿಂತ ಜೋರಾದ ಮಟ್ಟ ಅದು. ಅವರು ಎದ್ದಾಗ ಹೆಡ್‌ಫೋನನ್ನು ಮೇಜಿನ ಮೇಲೆ ಇಟ್ಟಿದ್ದರು. ಅವರು ಮಟ್ಟ ಏರಿಸುವ ಮೊದಲೇ, ಎಂದೂ ಮುಟ್ಟದ ಮೆಹಬೂಬ ಅಂದು ಅದನ್ನೆತ್ತಿ ಕಿವಿಗೆ ಹಿಡಿದ. ಹಿಡಿದವನೇ ಮುಖ ಕಿವುಚಿ ನನ್ನ ಕೈಗೆ ಕೊಟ್ಟ. ನಾನು ಹಿಡಿದೆ. ಕೀಂ ಎಂಬ ಸದ್ದು ಹಲ್ಲಿನ ತನಕ ಇಳಿಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಹೆಡ್‌ಫೋನನ್ನು ಇದ್ದ ಜಾಗದಲ್ಲೇ ಇಟ್ಟೆ.

ತಪ್ಪುಗಳನ್ನು ಎಣಿಸುವ ಎರರ್ ಮೀಟರ್ ಹಚ್ಚಿ ಪರೀಕ್ಷೆ ಶುರು ಮಾಡಿದೆವು. ಒಂದು ಹಗಲು ಪೂರ್ತಿ ಒಂದೂ ತಪ್ಪಿಲ್ಲದೆ ಓಡಬೇಕು. ಶುರುವಾದ ಸ್ವಲ್ಪ ಹೊತ್ತಿಗೇ ಅಂಕಿಗಳು ಓಡತೊಡಗಿದವು. ಒಂದು ಪೋರ್ಟಿನ ತಪ್ಪು ಪಕ್ಕದ್ದಕ್ಕೆ, ಪಕ್ಕದ್ದರದು ಅದರ ಪಕ್ಕದ್ದಕ್ಕೆ. ಏಳು ಜನ ಒಂದೇ ಕೋಣೆಯಲ್ಲಿ ಕೂಗಾಡುತ್ತಿದ್ದರೆ ಯಾರ ಮಾತು ಯಾರಿಗೆ ಕೇಳೀತು? ಜೋಶಿಯವರು ಇನ್ನಷ್ಟು ಏರಿಸಲು ನೋಡಿದರು, ಅದಕ್ಕಿಂತ ಮೇಲೆ ಮಟ್ಟವೇ ಇರಲಿಲ್ಲ. ಪರೀಕ್ಷೆ ಫೇಲಾಯಿತು. ಕಲಬುರಗಿಗೆ ಸುದ್ದಿ ಹೋಯಿತು. ಮುಂದಿನ ವಾರ ತಾವೇ ಬಂದು ಎದುರಿಗೆ ನಿಂತು ಪರೀಕ್ಷೆ ಮಾಡಿಸುವುದಾಗಿ ಪಾಟೀಲರು ಹೇಳಿ ಕಳಿಸಿದರು.

ಕಾರ್ಡಿನ ಜೊತೆ ಬಂದ ಪುಸ್ತಕವನ್ನು ನಾನು ಓದಿದ್ದೆ. ಊರಿಂದ ಊರಿಗೆ ಇರುವ ದೂರವನ್ನು ಬೆಳಕು ನೋಡಿಕೊಳ್ಳುತ್ತದೆ. ಟ್ರಾನ್ಸ್‌ಮಿಟರು ನೋಡಬೇಕಾದ್ದು ಕಾರ್ಡಿನಿಂದ ಪಕ್ಕದ ಕೋಣೆಗೆ ಹೋಗುವ ತಾಮ್ರದ ತಂತಿಯನ್ನು ಮಾತ್ರ. ಚಿಂಚೋಳಿ ಎಷ್ಟೇ ದೂರವಿರಲಿ, ಆ ಕೋಣೆ ಸಣ್ಣದೇ. ಇದನ್ನು ನಾನು ಜೋಶಿಯವರಿಗೆ ಅಂದೇ ಹೇಳಿದ್ದೆ. ಮೀಟರು ಓಡುವಾಗ ಒಮ್ಮೆ, ಚಹಾ ಕುಡಿಯುವಾಗ ಇನ್ನೊಮ್ಮೆ. ಎರಡು ಸಲವೂ ಅವರು "ಹೂಂ" ಎಂದು ಸುಮ್ಮನಾಗಿದ್ದರು. ಒಪ್ಪಿದರೋ, ಸಿಟ್ಟಾದರೋ ತಿಳಿಯಲಿಲ್ಲ. ಹಿರಿಯರ ಮುಂದೆ ದನಿ ತಗ್ಗಿಸಿ ಮಾತಾಡಬೇಕು ಎಂದು ನಮ್ಮವ್ವ ಹೇಳಿಕೊಟ್ಟದ್ದನ್ನು ನಾನು ಆಫೀಸಿಗೂ ತಂದಿದ್ದೆ. ಸಾಹೇಬರ ತಪ್ಪನ್ನು ಸಾಹೇಬರಿಗೇ ಹೇಳುವಾಗಲಂತೂ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಸಂಜೆ ಮೆಹಬೂಬ ನನ್ನನ್ನು ಹೊರಗೆ ಕರೆದ.

"ಮೇಡಂ, ಸಾಹೇಬರ ಬಲಗಿವಿ ಹೋಗ್ಯದ್ರಿ."

"ನಿನಗ ಹೆಂಗ ಗೊತ್ತು?"

"ಜೀಪಿನಾಗ ಬಲಕ್ಕ ಕುಂತು ಮಾತಾಡಿದ್ರ ಹೂಂ ಅಂತಾರ. ಎಡಕ್ಕ ಕುಂತ್ರ ಜವಾಬು ಕೊಡ್ತಾರ. ನೀವು ಯಾವಾಗ್ಲೂ ಬಲಕ್ಕೇ ನಿಂದರ್ತೀರಿ."

"ಮತ್ತ ಇಷ್ಟು ದಿವಸ ಯಾಕ ಹೇಳಲಿಲ್ಲೋ?"

"ಕಿವಿ ಮ್ಯಾಲೆ ಹೆಸರು ಮಾಡಿದ ಮನುಷ್ಯಾ ಅವ್ರು. ಕಿವಿ ಹೋಗ್ಯದ ಅಂದ್ರ ಅವ್ರ ಇಜ್ಜತ್ ಹೋಗ್ತದ್ರಿ ಮೇಡಂ. ನಾ ಯಾಕ ಹೇಳ್ಲಿ?"

ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಸಾಹೇಬರು ತಮಗೆ ಕೇಳುತ್ತಿಲ್ಲವೆಂದು ಟ್ರಾನ್ಸ್‌ಮಿಟರಿನ ದನಿ ಏರಿಸುತ್ತಿದ್ದರು. ನಾನು ಅವರಿಗೆ ಕೇಳಲೇಬಾರದು ಎನ್ನುವಷ್ಟು ದನಿ ಇಳಿಸಿಕೊಂಡಿದ್ದೆ. ಪಾಟೀಲರು ತಮ್ಮ ಮೆತ್ತನೆಯ ದನಿಯಲ್ಲಿ ಕೇಳಿ, ಉತ್ತರ ಬರಲಿಲ್ಲವೆಂದು ಸಿಟ್ಟಾಗಿದ್ದರು. ಮೂವರದೂ ಸೆಟ್ಟಿಂಗ್ ತಪ್ಪಿತ್ತು.

ಮರುದಿನ ಮುಂಜಾನೆ ಚಿಂಚೋಳಿಯ ಖಾನಾವಳಿಯಲ್ಲಿ ಜೋಶಿಯವರು ಮನೆಯಿಂದ ತಂದ ಅವಲಕ್ಕಿಯ ಡಬ್ಬಿ ಬಿಚ್ಚಿ ಕುಳಿತಿದ್ದರು. ಖಾನಾವಳಿಯ ಚಹಾ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ನಾನು ಎಂದಿನಂತೆ ಬಲಗಡೆ ಕೂರದೆ ಅವರ ಎಡಗಡೆಗೆ ಕುರ್ಚಿ ಎಳೆದುಕೊಂಡೆ. ಕೂಗಲಿಲ್ಲ, ತಗ್ಗಿಸಲೂ ಇಲ್ಲ. ನಮ್ಮ ಮನೆಯಲ್ಲಿ ತಂಗಿಯ ಜೊತೆ ಮಾತಾಡುವ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ:

"ಸರ್, ಚಿಂಚೋಳಿ ತನಕ ಬೆಳಕು ತರ್ತದ. ನಮ್ಮ ಟ್ರಾನ್ಸ್‌ಮಿಟರು ಬರೀ ಆಚಿ ಕೋಣಿ ತನಕ ಕಳಿಸಿದ್ರ ಸಾಕು. ನಾವು ಭಾಳ ಜೋರ ಇಟ್ಟೀವಿ."

ಜೋಶಿಯವರ ಕೈ ಡಬ್ಬಿಯಲ್ಲೇ ನಿಂತಿತು. ನನ್ನನ್ನು ನೋಡಿದರು, ನಾನು ಕೂತ ಜಾಗವನ್ನು ನೋಡಿದರು. ಎದ್ದು ಹೋಗಿಬಿಡುತ್ತಾರೆ, ಇನ್ನು ನನ್ನನ್ನು ಯಾವ ಊರಿಗೂ ಕರೆದುಕೊಂಡು ಹೋಗುವುದಿಲ್ಲ ಎಂದುಕೊಂಡೆ.

"ಎಂದಿನಿಂದ ಗೊತ್ತದ ನಿಮಗ, ಶಕುಂತಲಾಬಾಯಿ?"

"ನಿನ್ನಿಯಿಂದ್ರಿ ಸರ್."

"ನನಗ ಭಾಳ ದಿವಸದಿಂದ ಗೊತ್ತದ," ಎಂದರು. "ಮನ್ಯಾಗ ಹಕ್ಕಿ ಕೂಗೂದು ನಿಂತು ವರ್ಷ ಆತು. ಗಿಡ ಕಡದಾರ, ಅದಕ್ಕ ಹಕ್ಕಿ ಹೋಗ್ಯಾವಂತ ನಾನೇ ನನಗ ಹೇಳ್ಕೊಂಡಿದ್ದೆ."

ಅವರು ಉಳಿದ ಅವಲಕ್ಕಿಯನ್ನು ಪೂರ್ತಿ ತಿಂದು, ಕೈ ತೊಳೆದು ಬಂದರು. ಬಂದ ಮೇಲೆ ದನಿ ಬೇರೆಯಾಗಿತ್ತು.

"ನಡೀರಿ. ಮೊದಲು ಕೋಣಿ ಅಳಿಯೋಣು."

ಅವತ್ತಿನ ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತಾಮ್ರದ ಕೇಬಲ್ಲು ನೆಲದ ಶಹಾಬಾದ್ ಕಲ್ಲುಗಳ ಕೆಳಗೆ ಹೋಗಿತ್ತು. ಎಷ್ಟು ಸುತ್ತಿ ಹೋಗಿದೆ ಎಂದು ಯಾರಿಗೂ ತಿಳಿಯದು. ಮೆಹಬೂಬ ಹಾರೆ ಹಾಕಿ ಒಂದೊಂದೇ ಹಾಸುಗಲ್ಲು ಎಬ್ಬಿಸಿದ. ಜೋಶಿಯವರು ಧೋತರ ಎತ್ತಿ ಕಟ್ಟಿ, ಮೊಣಕಾಲೂರಿ, ಟೇಪು ಹಿಡಿದು ಕೇಬಲ್ಲಿನ ಹಿಂದೆಯೇ ಹೋದರು. ಗೋಡೆ ಮುಟ್ಟಿದ ಮೇಲೆ ಟೇಪು ನೋಡಿ ತಾವೇ ನಕ್ಕರು.

"ಇಷ್ಟಕ್ಕ ನಾ ಹೈದರಾಬಾದಿಗೆ ಕೇಳೂ ಹಂಗ ಒದರ್ಸಾಕತ್ತಿದ್ನಲ್ಲ."

ಸಂಕೇತದ ಆಕಾರವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪನ್ನು ಶಹಾಬಾದಿನಿಂದ ತರಿಸಿದೆವು. ಅದರ ಪರದೆಯ ಮೇಲೆ ಒಂದು ಚೌಕಟ್ಟು ಗೀಚಿರುತ್ತದೆ. ಟ್ರಾನ್ಸ್‌ಮಿಟರು ಕಳಿಸುವ ಒಂದೊಂದು ಪಲ್ಸೂ ಆ ಚೌಕಟ್ಟಿನೊಳಗೆ ಮೈ ಮುಟ್ಟಿಸದೆ ನಿಲ್ಲಬೇಕು. ಹಳೆಯ ಸೆಟ್ಟಿಂಗಿನಲ್ಲಿ ನೋಡಿದರೆ ಪಲ್ಸಿನ ತಲೆ ಚೌಕಟ್ಟು ದಾಟಿ ಮೇಲೆ ಹೋಗಿತ್ತು, ಹಿಂದೆ ಬಾಲ ಬೇರೆ ಅಲ್ಲಾಡುತ್ತಿತ್ತು. ಮೊದಲ ಪೋರ್ಟನ್ನು ಕಡಿಮೆ ಉದ್ದದ ಕೇಬಲ್ಲಿನ ಮಟ್ಟಕ್ಕೆ ಇಳಿಸಿದೆವು. ಪಲ್ಸು ಚೌಕಟ್ಟಿನೊಳಗೆ ನೆಟ್ಟಗೆ ನಿಂತಿತು. ಜೋಶಿಯವರು ಪರದೆಗೆ ಮುಖ ಹತ್ತಿರ ತಂದು ನೋಡುತ್ತ ನಿಂತರು. ಹಿಂದೆ ಕಣ್ಣು ಮುಚ್ಚಿ ಕೇಳುತ್ತಿದ್ದಾಗ ಅವರ ಮುಖದಲ್ಲಿ ಇರುತ್ತಿದ್ದ ಕಳೆಯೇ ಈಗ ಕಣ್ಣು ಬಿಟ್ಟಾಗಲೂ ಬಂದಿತ್ತು.

"ಇದಕ್ಕ ಕಿವಿ ಬ್ಯಾಡಲ್ಲ," ಎಂದರು. ನನಗೆ ಹೇಳಿದ್ದೋ ತಮಗೆ ಹೇಳಿಕೊಂಡದ್ದೋ ಗೊತ್ತಿಲ್ಲ.

ಏಳಕ್ಕೂ ಒಂದೇ ಮಟ್ಟ ಇಡೋಣವೇ ಎಂದು ಕೇಳಿದೆ. ಬೇಡ, ಒಂದೊಂದನ್ನೂ ನೋಡಿಯೇ ಇಡಬೇಕು ಎಂದರು. ನೋಡಿದಾಗ ಆರು ಮತ್ತು ಏಳನೆಯ ಪೋರ್ಟಿನ ತಂತಿಗಳು ಗೋಡೆ ಸುತ್ತಿ ಹೋಗಿದ್ದವು, ಉಳಿದವಕ್ಕಿಂತ ಉದ್ದ. ಅವೆರಡಕ್ಕೆ ನಡುವಿನ ಮಟ್ಟ ಇಟ್ಟೆವು. ಎಂಟನೆಯದನ್ನು ಬಂದ್ ಮಾಡಿದೆವು. ಹಾಸುಗಲ್ಲುಗಳನ್ನು ಮತ್ತೆ ಕೂರಿಸಿದ ಮೆಹಬೂಬ ಒಂದು ಕಲ್ಲನ್ನು ಉಲ್ಟಾ ಕೂರಿಸಿಬಿಟ್ಟ. ಅದು ಈಗಲೂ ಹಾಗೇ ಇದೆಯೆಂದು ಕೇಳಿದ್ದೇನೆ.

ಪಾಟೀಲ ಸಾಹೇಬರು ಹೇಳಿದ ದಿನ ಮುಂಜಾನೆಯೇ ಬಂದರು. ಮೀಟರು ಹಚ್ಚಿದೆವು. ಅವರು ಕೋಣೆ ಬಿಟ್ಟು ಕದಲಲಿಲ್ಲ, ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಮಧ್ಯಾಹ್ನವಾಯಿತು, ಮೀಟರಿನಲ್ಲಿ ಸೊನ್ನೆ. ಬಿಸಿಲು ಇಳಿಯಿತು, ಆಗಲೂ ಸೊನ್ನೆ. ನಾನು ಆ ಸೊನ್ನೆಯನ್ನು ನೋಡಿ ನೋಡಿ ಕಣ್ಣು ನೋಯಿಸಿಕೊಂಡೆ.

ಮುಗಿಯುವ ಹೊತ್ತಿಗೆ ಪಾಟೀಲರು ಕಾರ್ಡಿನ ಹತ್ತಿರ ಬಂದು, ಜೋಶಿಯವರ ಬಲಗಡೆ ನಿಂತು ಕೇಳಿದರು: "ಎಂಟನೇ ಪೋರ್ಟು ಯಾಕ ಬಂದ್ ಇಟ್ಟೀರಿ?"

ಜೋಶಿಯವರು ಮೀಟರನ್ನೇ ನೋಡುತ್ತಿದ್ದರು. ಪಾಟೀಲರು ಇನ್ನೊಮ್ಮೆ ಕೇಳಿದರು, ಮೊದಲಿಗಿಂತ ಮೆತ್ತಗೆ. ಅವರಿಗೆ ಸಿಟ್ಟು ಬಂದಷ್ಟೂ ದನಿ ಇಳಿಯುತ್ತಿತ್ತು. ಮೆಹಬೂಬ ನನ್ನ ಕಡೆ ನೋಡಿದ. ಉತ್ತರ ನನಗೆ ಗೊತ್ತಿತ್ತು. ನಾನೇ ಹೇಳಿಬಿಡಬಹುದಿತ್ತು. ಆದರೆ ನಾನು ಹೇಳಿದರೆ, ಜೋಶಿಯವರಿಗೆ ಗೊತ್ತಿಲ್ಲವೆಂದು ಪಾಟೀಲರು ತಿಳಿಯುತ್ತಿದ್ದರು. ಸ್ಟೋರಿನ ಆರ್ಡರು ಅಲ್ಲಿಗೇ ಆಗುತ್ತಿತ್ತು. ನಾನು ಸುತ್ತಿ ಬಂದು ಜೋಶಿಯವರ ಎಡಗಡೆ ನಿಂತೆ.

"ಸರ್, ಎಂಟನೇ ಪೋರ್ಟು ಯಾಕ ಬಂದ್ ಇಟ್ಟೀವಿ ಅಂತ ಸಾಹೇಬರು ಕೇಳಾಕತ್ತಾರ."

ಜೋಶಿಯವರು ತಿರುಗಿದರು. ಪಾಟೀಲರ ಮುಖ ನೋಡಿ, ಅವರು ಎಷ್ಟು ಹೊತ್ತಿನಿಂದ ಕೇಳುತ್ತಿದ್ದಾರೆಂದು ಅರ್ಥವಾಯಿತೆಂದು ಕಾಣುತ್ತದೆ.

"ಅದಕ್ಕ ಕೇಬಲ್ ಇಲ್ರಿ ಸರ್. ಬಕೆಟ್ ಇಲ್ಲದಲ್ಲಿ ನಳ ತೆರದ ಇಡಬಾರದು," ಎಂದರು. ಆಮೇಲೆ ಬಲಗಿವಿಯ ಮೇಲೆ ಬೆರಳಿಟ್ಟರು. "ಇದೂ ಬಂದ್ ಆಗ್ಯದ್ರಿ ಸರ್. ಎಡಗಡಿದು ಚಾಲೂ ಅದ. ಮೊದಲೇ ಹೇಳಬೇಕಿತ್ತು, ನಾಚಿಕಿ ಅಡ್ಡ ಬಂತು."

ಪಾಟೀಲರು ಜೋಶಿಯವರನ್ನು ನೋಡಿದರು. ಮೀಟಿಂಗಿನ ಆ ದಿನ ಅವರಿಗೂ ನೆನಪಾಗಿರಬೇಕು. ಜೋಶಿಯವರ ಬೆನ್ನ ಹಿಂದಿನಿಂದ ಸುತ್ತಿ ಬಂದು, ನಾನು ಬಿಟ್ಟುಕೊಟ್ಟ ಜಾಗದಲ್ಲಿ ಎಡಗಡೆ ನಿಂತು, ಮುಂದಿನ ಪ್ರಶ್ನೆ ಕೇಳಿದರು. ಆಮೇಲೆ ಕೇಳಿದ ಎಲ್ಲವನ್ನೂ ಅಲ್ಲಿಂದಲೇ ಕೇಳಿದರು. ಒಂದೊಂದಕ್ಕೂ ಜೋಶಿಯವರು ಉತ್ತರ ಕೊಟ್ಟರು.

ಪರೀಕ್ಷೆ ಪಾಸಾಯಿತು. ಹೊರಗೆ ಪಾಟೀಲರ ಜೀಪು ನಿಂತಿತ್ತು, ನಮ್ಮನ್ನು ಸೇಡಂ ತನಕ ಬಿಡುತ್ತೇನೆಂದರು. ನಮ್ಮ ಇಲಾಖೆಯಲ್ಲಿ ಜೀಪಿನ ಮುಂದಿನ ಸೀಟು ಎಲ್ಲರಿಗಿಂತ ದೊಡ್ಡ ಅಧಿಕಾರಿಯದು. ಅದರಲ್ಲಿ ಬೇರೆಯವರು ಕೂತದ್ದನ್ನು ನಾನು ಅಂದಿನವರೆಗೆ ನೋಡಿರಲಿಲ್ಲ. ಡ್ರೈವರ್ ಮುಂದಿನ ಬಾಗಿಲು ತೆರೆದು ನಿಂತ. ಪಾಟೀಲರು ನನ್ನ ಕಡೆ ತಿರುಗಿ, "ನೀವು ಮುಂದ ಕುಂದ್ರಿ," ಎಂದರು. ಡ್ರೈವರನಿಗೆ ಗಾಬರಿಯಾಯಿತು, ನನಗೆ ಅವನಿಗಿಂತ ಹೆಚ್ಚು. ಮೆಹಬೂಬ ತನ್ನ ಹಾರೆ ಹಿಡಿದು ಹಿಂದಿನ ಅಡ್ಡ ಪಟ್ಟಿಯಲ್ಲಿ ಕೂತಿದ್ದ. ಪಾಟೀಲರು ನಡುವಿನ ಸೀಟಿಗೆ ಹತ್ತಿ, ಜೋಶಿಯವರನ್ನು ಬಲಕ್ಕೆ ಸರಿಸಿ, ತಾವು ಅವರ ಎಡಕ್ಕೆ ಕೂತರು.

ಜೀಪು ಊರು ದಾಟಿತು. ಎರಡೂ ಕಡೆ ತೊಗರಿ ಹೊಲ. ಹಿಂದಿನಿಂದ ಪಾಟೀಲರ ದನಿ ಕೇಳಿತು:

"ಜೋಶಿಯವರ, ಇನ್ನ ಚಿಮ್ಮನಚೋಡದ ಲೈನು ಅದ. ಅದನ್ನೂ ನೀವೇ ಮಾಡ್ರಿ. ಎಷ್ಟು ಜೋರ ಇಡಬೇಕಾಗ್ತದ?"

"ಮೊದಲು ಕೋಣಿ ಅಳೀತೀನ್ರಿ ಸರ್, ಆಮ್ಯಾಲೆ ಹೇಳ್ತೀನಿ."

ಸುಲೇಪೇಟ ಬರುವ ತನಕ ಅವರಿಬ್ಬರೂ ಮಾತಾಡುತ್ತಲೇ ಇದ್ದರು. ಯಾರೂ ಕೂಗಲಿಲ್ಲ.